ಮೇಷ್ಟ್ರು ಎಂಪಿ ಆಗುವ ಮೊದಲಿನ 33 ವರ್ಷ

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ದಾವಣಗೆರೆಯಲ್ಲಿ ಆರು ವರ್ಷ ಹೈಸ್ಕೂಲಿಗೆ ಗಣಿತ ಕಲಿಸಿದ್ದೀರಿ, ಬಿ.ಎಡ್ ಆಗಿದೆ, ಈಗ ಪತಿಯ ಕೆಲಸದ ವೀಸಾದ ಮೇಲೆ ಅವಲಂಬಿತರಾಗಿ ಪಶ್ಚಿಮ ಲಂಡನ್ನಿಗೆ ಬರುತ್ತಿದ್ದೀರಿ. ಅಲ್ಲಿನ ಸೌಥಾಲ್‌ನ ಪಿಯಾರಾ ಸಿಂಗ್ ಖಬ್ರಾ ಎಂಬ ಪಂಜಾಬಿ ಮೇಷ್ಟ್ರು ಬ್ರಿಟಿಷ್ ಪಾರ್ಲಿಮೆಂಟಿಗೆ ಆರಿಸಿ ಬಂದ ವಿಷಯ ಓದಿ, ‘ನನ್ನಂಥವಳಿಗೆ ಅಲ್ಲಿ ಕಲಿಸುವ ಕೆಲಸ ಸಿಗುತ್ತದಾ? ಅಲ್ಲಿನ ಊರಿನ ವ್ಯವಹಾರದಲ್ಲಿ ಬಾಯಿ ಬಿಡುವ ಹಕ್ಕು ಇರುತ್ತದಾ?’ ಎಂದು ಕೇಳಿದ್ದೀರಿ. ಎರಡಕ್ಕೂ ಉತ್ತರ ಹೌದು. ಎರಡನೆಯ ಹಕ್ಕಿನ ಒಂದು ಭಾಗವಂತೂ ನೀವು ಇಲ್ಲಿ ಮನೆ ಮಾಡಿದ ವಾರವೇ ಕೈಗೆ ಬರುತ್ತದೆ. ಬಹಳ ಜನಕ್ಕೆ ಅದು ಗೊತ್ತೇ ಇರುವುದಿಲ್ಲ.

ಖಬ್ರಾ ಇಲ್ಲಿಗೆ ಬಂದದ್ದು 1959ರಲ್ಲಿ, ಎಂಪಿ ಆದದ್ದು 1992ರಲ್ಲಿ. ಎಲ್ಲರೂ ನೆನಪಿಟ್ಟುಕೊಳ್ಳುವುದು 1992ನ್ನು. ಹೊಸದಾಗಿ ಬರುವವರಿಗೆ ಪ್ರಯೋಜನಕ್ಕೆ ಬರುವುದು ಅದರ ಹಿಂದಿನ 33 ವರ್ಷ. ಅದಕ್ಕೇ ಅವರ ಬದುಕನ್ನೂ ನಿಮ್ಮ ದಾರಿಯನ್ನೂ ಅಕ್ಕಪಕ್ಕ ಇಟ್ಟು ಬರೆಯುತ್ತೇನೆ.

ಪಂಜಾಬಿನ ಹಳ್ಳಿಯಿಂದ ಬಂದವರು ಅವರು. ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರಿಂದ 46ರವರೆಗೆ, ಭಾರತದ ಸೇನೆಯಲ್ಲಿದ್ದರು. ಆಮೇಲೆ ಪಂಜಾಬ್ ವಿಶ್ವವಿದ್ಯಾಲಯದಿಂದ ಬಿ.ಎ., ಬಿ.ಎಡ್. ಅಂದರೆ ನಿಮ್ಮ ಕೈಯಲ್ಲಿರುವ ಪದವಿಯೇ. ಅಷ್ಟಿದ್ದೂ ಇಲ್ಲಿ ಇಳಿದ ಕೂಡಲೇ ತರಗತಿಯ ಬಾಗಿಲು ತೆರೆಯಲಿಲ್ಲ. ಗುಮಾಸ್ತಿಕೆ ಮಾಡಿದರು. ಲಂಡನ್ನಿನ ವೈಟ್‌ಲ್ಯಾಂಡ್ಸ್ ಕಾಲೇಜಿನಲ್ಲಿ ಕೂತು ಶಿಕ್ಷಣದ ಡಿಪ್ಲೊಮಾ ಇನ್ನೊಮ್ಮೆ ಮಾಡಿದರು. ಮೇಷ್ಟ್ರಾಗಿ ನೆಲೆ ನಿಂತದ್ದು ಅರವತ್ತರ ದಶಕದ ಕೊನೆಗೆ. ಅಲ್ಲಿಂದ 1980ರವರೆಗೆ ಕಲಿಸಿದರು.

ಇದು ಅವರೊಬ್ಬರ ಪಾಡಾಗಿರಲಿಲ್ಲ. 1962ರ ಕಾನೂನಿನ ಮೊದಲು ಕಾಮನ್‌ವೆಲ್ತ್ ದೇಶದವರು ತಡೆಯಿಲ್ಲದೆ ಬರಬಹುದಿತ್ತು. ಆಮೇಲೆ ವೋಚರ್, ಅಂದರೆ ಕೆಲಸಕ್ಕೆ ಬರುವ ಪರವಾನಗಿ ಚೀಟಿಯ ಪದ್ಧತಿ ಬಂತು. ಅದರಲ್ಲಿ ‘ಬಿ’ ವೋಚರ್ ಇದ್ದದ್ದೇ ಮೇಷ್ಟ್ರು, ಡಾಕ್ಟರರಂಥ ಓದಿದವರಿಗೆ. ಮೇಷ್ಟ್ರೆಂದೇ ಕರೆಸಿಕೊಂಡ ಎಷ್ಟೋ ಜನ ಇಲ್ಲಿ ಬಸ್ ಕಂಡಕ್ಟರ್ ಆದರು, ಕಾರ್ಖಾನೆಯ ರಾತ್ರಿ ಪಾಳಿಗೆ ಹೋದರು. ಉಚ್ಚಾರಣೆ ಸರಿಯಿಲ್ಲ, ಇಲ್ಲಿನ ಅನುಭವ ಇಲ್ಲ ಎಂಬ ಎರಡು ಮಾತು ಸಾಕಾಗಿದ್ದವು. ಆ ತಲೆಮಾರು ಹೊತ್ತ ಭಾರದ ಒಂದು ಪಾಲು ನಿಮಗೆ ತಪ್ಪಿದೆ. ಈಗ ದಾರಿಯಾದರೂ ಬರಹದಲ್ಲಿದೆ.

ಇಂಗ್ಲೆಂಡಿನಲ್ಲಿ ಆ ದಾರಿಯ ಹೆಸರು ಕ್ಯೂಟಿಎಸ್, ಅಂದರೆ ಅರ್ಹ ಶಿಕ್ಷಕರ ಮಾನ್ಯತೆ. 2023ರಿಂದ ಭಾರತದ ಮೇಷ್ಟ್ರುಗಳು ಇಲ್ಲಿ ಮತ್ತೆ ತರಬೇತಿ ಮಾಡದೆ ನೇರವಾಗಿ ಆನ್‌ಲೈನಿನಲ್ಲಿ ಅರ್ಜಿ ಹಾಕಬಹುದು. ಶುಲ್ಕವಿಲ್ಲ. ಆದರೆ ಭಾರತದವರಿಗೆ ಇದು ತೆರೆದಿರುವುದು 11ರಿಂದ 16 ವರ್ಷದ ಮಕ್ಕಳಿಗೆ ಗಣಿತ, ವಿಜ್ಞಾನ ಅಥವಾ ಭಾಷೆ ಕಲಿಸಲು ಅರ್ಹತೆ ಇರುವವರಿಗೆ ಮಾತ್ರ. ನಿಮ್ಮದು ಗಣಿತ, ಹೈಸ್ಕೂಲು. ಸರಿಯಾಗಿ ಹೊಂದುತ್ತದೆ. ಪದವಿ ಬೇಕು, ಶಿಕ್ಷಕ ತರಬೇತಿ ಬೇಕು, ತರಬೇತಿ ಮುಗಿದ ಮೇಲೆ ಕನಿಷ್ಠ ಒಂದು ಶೈಕ್ಷಣಿಕ ವರ್ಷ ಕಲಿಸಿದ ಅನುಭವ ಬೇಕು, ನಿಮ್ಮ ಮೇಲೆ ಯಾವ ನಿರ್ಬಂಧವೂ ಇಲ್ಲ ಎಂಬ ಪತ್ರ ಬೇಕು, ಇಂಗ್ಲಿಷಿನ ಪುರಾವೆ ಬೇಕು. ಸ್ಕಾಟ್ಲೆಂಡ್ ಮತ್ತು ವೇಲ್ಸ್‌ನದ್ದು ಬೇರೆಯೇ ನೋಂದಣಿ. ಇಂಗ್ಲೆಂಡಿನ ಮಾನ್ಯತೆ ಇದ್ದರೆ ಅಲ್ಲೂ ನಡೆದೀತು ಎಂದು ಭಾವಿಸಬೇಡಿ.

ಅರ್ಜಿ ಎಲ್ಲಿ ಸಿಕ್ಕಿ ಬೀಳುತ್ತದೆ? ಮುಕ್ಕಾಲು ಪಾಲು ಹೆಸರಿನಲ್ಲಿ. ನಮ್ಮ ಕಡೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಎರಡು ಇನಿಷಿಯಲ್, ಪದವಿ ಪ್ರಮಾಣಪತ್ರದಲ್ಲಿ ಹೆಸರಿನ ಮುಂದೆ ಒಂದೇ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅದೇ ಇನಿಷಿಯಲ್ ಬಿಡಿಸಿ ಊರಿನ ಹೆಸರು, ಮದುವೆಯಾದ ಮೇಲೆ ಪತಿಯ ಹೆಸರು. ನಮಗೆ ಇದು ಸಹಜ. ಇಲ್ಲಿ ಕಾಗದ ನೋಡುವವರಿಗೆ ಇವರು ನಾಲ್ಕು ಜನ. ಎಲ್ಲ ರೂಪಗಳನ್ನೂ ಬರೆದು, ಇವೆಲ್ಲ ಒಬ್ಬಳೇ ಎಂದು ಹೇಳುವ ಅಫಿಡವಿಟ್ಟನ್ನು ದಾವಣಗೆರೆಯಲ್ಲೇ ಮಾಡಿಸಿಕೊಂಡು ಬನ್ನಿ. ಮದುವೆ ಪ್ರಮಾಣಪತ್ರವೂ ಜೊತೆಗಿರಲಿ. ಕನ್ನಡದಲ್ಲಷ್ಟೇ ಇರುವ ಕಾಗದಕ್ಕೆ ಪ್ರಮಾಣಿತ ಅನುವಾದ ಬೇಕಾಗುತ್ತದೆ.

ಎರಡನೆಯ ತೊಡಕು ಅನುಭವದ ಪತ್ರ. ‘ಇವರು ನಮ್ಮಲ್ಲಿ ಶಿಕ್ಷಕಿಯಾಗಿ ಸೇವೆ ಸಲ್ಲಿಸಿದ್ದಾರೆ, ಇವರ ನಡತೆ ಉತ್ತಮವಾಗಿದೆ’ ಎಂಬ ಎರಡು ಸಾಲಿನ ಪತ್ರ ಇಲ್ಲಿ ಸಾಲದು. ಯಾವ ವಿಷಯ, ಎಷ್ಟನೆಯ ತರಗತಿ, ಮಕ್ಕಳ ವಯಸ್ಸು ಎಷ್ಟರಿಂದ ಎಷ್ಟು, ಯಾವ ದಿನಾಂಕದಿಂದ ಯಾವ ದಿನಾಂಕ, ವಾರಕ್ಕೆ ಎಷ್ಟು ಗಂಟೆ: ಇಷ್ಟನ್ನೂ ಲೆಟರ್‌ಹೆಡ್ಡಿನಲ್ಲಿ ಬರೆಸಿ, ಸಹಿ ಹಾಕಿದವರ ಹುದ್ದೆ ಮತ್ತು ಶಾಲೆಯ ಅಧಿಕೃತ ಇಮೇಲ್ ಹಾಕಿಸಿ. ಪರಿಶೀಲನೆಗೆ ಇಲ್ಲಿಂದ ಕೇಳಿದರೆ ಉತ್ತರಿಸುವವರು ಯಾರೆಂದು ಈಗಲೇ ಮಾತಾಡಿಟ್ಟುಕೊಳ್ಳಿ. ಬಿ.ಎಡ್ ಕಾಲೇಜಿನಿಂದಲೂ ನಿಮ್ಮ ಬೋಧನಾ ವಿಷಯ ಮತ್ತು ಮಕ್ಕಳ ವಯೋಮಾನ ಹೇಳುವ ಪತ್ರ ತೆಗೆದುಕೊಳ್ಳಿ. ಪಾಸ್‌ಪೋರ್ಟ್ ಕಚೇರಿಯ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟನ್ನು ಅಲ್ಲಿದ್ದಾಗಲೇ ಮಾಡಿಸುವುದು ಸುಲಭ. ಇಲ್ಲಿ ಶಾಲೆಗೆ ಸೇರುವಾಗ ಡಿಬಿಎಸ್ ಎಂಬ ಅಪರಾಧ ಹಿನ್ನೆಲೆಯ ತಪಾಸಣೆ ಬೇರೆ ನಡೆಯುತ್ತದೆ, ಹೊರದೇಶದಲ್ಲಿ ಇದ್ದವರಿಗೆ ಆ ದೇಶದ ಕಾಗದವನ್ನೂ ಕೇಳುತ್ತಾರೆ.

ಮಾನ್ಯತೆ ಬರುವ ಮೊದಲೇ ಕಲಿಸಬಹುದಾ ಎಂದರೆ, ಹೊರದೇಶದಲ್ಲಿ ತರಬೇತಿಯಾದವರು ಕೌನ್ಸಿಲ್, ಅಂದರೆ ಸ್ಥಳೀಯ ಆಡಳಿತ, ನಡೆಸುವ ಶಾಲೆಗಳಲ್ಲಿ 4 ವರ್ಷದವರೆಗೆ ಕಲಿಸಲು ಅವಕಾಶವಿದೆ. ಆ ಗಡಿಯಾರ ಮೊದಲ ಪಾಠದ ದಿನದಿಂದ ಓಡುತ್ತದೆ, ನಡುವೆ ಕೆಲಸ ಬಿಟ್ಟರೂ ನಿಲ್ಲುವುದಿಲ್ಲ. ಹಾಗಾಗಿ ಒಂದೆರಡು ತಿಂಗಳ ಬದಲಿ ಪಾಠಕ್ಕೆಂದು ಅದನ್ನು ಓಡಿಸಿಬಿಡುವ ಬದಲು ಮೊದಲೇ ಅರ್ಜಿ ಹಾಕಿಬಿಡುವುದು ಒಳ್ಳೆಯದು. ಅವಲಂಬಿತರ ವೀಸಾದಲ್ಲಿ ಕೆಲಸಕ್ಕೆ ಬೇರೆ ಪರವಾನಗಿ ಬೇಡ. ಶಾಲೆ ನಿಮಗೆ ವೀಸಾ ಕೊಡಿಸಬೇಕಾಗಿಲ್ಲ ಎಂಬುದನ್ನು ಅರ್ಜಿಯ ಮೊದಲ ಪ್ಯಾರಾದಲ್ಲೇ ಬರೆಯಿರಿ. ಗಣಿತದ ಮೇಷ್ಟ್ರು ಇಲ್ಲಿ ಸದಾ ಕೊರತೆ.

ಸಂಬಳದ ವಿಷಯದಲ್ಲಿ ಮನೆ ಹುಡುಕುವ ಮೊದಲೇ ತಿಳಿದಿರಬೇಕಾದ ಒಂದು ಗೆರೆ ಇದೆ. ಸೌಥಾಲ್ ಇರುವ ಈಲಿಂಗ್ ಬರೋ (ಲಂಡನ್ನಿನ ಒಂದು ಆಡಳಿತ ವಿಭಾಗ) ಶಿಕ್ಷಕರ ವೇತನದಲ್ಲಿ ‘ಒಳ ಲಂಡನ್’ ಪಟ್ಟಿಗೆ ಸೇರಿದೆ. ಪಕ್ಕದ ಹೌನ್ಸ್‌ಲೋ, ಹಿಲ್ಲಿಂಗ್‌ಡನ್ ‘ಹೊರ ಲಂಡನ್’. 2025ರ ಸೆಪ್ಟೆಂಬರಿನ ಪಟ್ಟಿಯಲ್ಲಿ ಅರ್ಹ ಶಿಕ್ಷಕರ ಮೊದಲ ಮೆಟ್ಟಿಲು ಒಳ ಲಂಡನ್ನಿಗೆ ವರ್ಷಕ್ಕೆ 40,317 ಪೌಂಡ್, ಹೊರ ಲಂಡನ್ನಿಗೆ 37,870, ಲಂಡನ್ನಿನಿಂದ ದೂರದ ಊರುಗಳಿಗೆ 32,916. ಒಂದೇ ಬಸ್ಸಿನ ಎರಡು ನಿಲ್ದಾಣದ ನಡುವೆ ಎರಡು ಸಾವಿರ ಪೌಂಡಿಗೂ ಹೆಚ್ಚು ವ್ಯತ್ಯಾಸ. ಆರು ವರ್ಷದ ಅನುಭವಕ್ಕೆ ಮೊದಲ ಮೆಟ್ಟಿಲಿಗಿಂತ ಮೇಲೆ ಕೊಡಿ ಎಂದು ಕೇಳುವುದು ತಪ್ಪಲ್ಲ, ಸಂದರ್ಶನ ಮುಗಿದು ಕೆಲಸ ಕೊಡುತ್ತೇವೆ ಎಂದಾಗಲೇ ಕೇಳಬೇಕು. ಆಮೇಲೆ ಕೇಳಿದರೆ ಪ್ರಯೋಜನವಿಲ್ಲ.

ಕೆಲಸ ಬಿಡುವುದಕ್ಕೂ ದಿನಾಂಕಗಳಿವೆ. ಡಿಸೆಂಬರಿನ ಕೊನೆಗೆ ಬಿಡಬೇಕಾದರೆ ಅಕ್ಟೋಬರ್ 31ರೊಳಗೆ, ಈಸ್ಟರಿಗೆ ಬಿಡಬೇಕಾದರೆ ಫೆಬ್ರವರಿ ಕೊನೆಯೊಳಗೆ, ಬೇಸಿಗೆಗೆ ಬಿಡಬೇಕಾದರೆ ಮೇ 31ರೊಳಗೆ ಪತ್ರ ಕೊಡಬೇಕು. ರಜೆಯೂ ಹಾಗೆಯೇ. ಶಾಲೆ ನಡೆಯುವಾಗ ರಜೆ ಸಿಗುವುದಿಲ್ಲ. ನಮ್ಮ ಮದುವೆಗಳು ಏಪ್ರಿಲ್, ಮೇ ತಿಂಗಳಲ್ಲಿ. ಇಲ್ಲಿನ ದೊಡ್ಡ ರಜೆ ಜುಲೈ ಕೊನೆಯಿಂದ ಆಗಸ್ಟ್ ಕೊನೆ, ಅಂದರೆ ನಮ್ಮ ಆಷಾಢ, ಶ್ರಾವಣ. ತಮ್ಮನ ಮದುವೆ ಈಸ್ಟರಿನ ಎರಡು ವಾರದೊಳಗೆ ಬರದಿದ್ದರೆ ಹೋಗುವುದು ಕಷ್ಟ. ಇದು ಸಣ್ಣ ವಿಷಯವಲ್ಲ, ಮನೆಯವರಿಗೆ ಈಗಲೇ ಹೇಳಿಡಿ.

ತರಗತಿಯೊಳಗೆ ಗಣಿತ ಅದೇ ಗಣಿತ, ಮಾತು ಬೇರೆ. ಭಾಗಾಕಾರವನ್ನು ಇಲ್ಲಿನ ಮಕ್ಕಳು ‘ಬಸ್ ಸ್ಟಾಪ್ ಮೆಥಡ್’ ಅನ್ನುತ್ತಾರೆ. ಭಾಜ್ಯದ ಮೇಲೆ ಎಳೆದ ಗೆರೆ ಬಸ್ ನಿಲ್ದಾಣದ ಚಾವಣಿಯಂತೆ ಕಾಣುವುದರಿಂದ ಆ ಹೆಸರು. ಬೋಡ್‌ಮಾಸ್ (ಲೆಕ್ಕದಲ್ಲಿ ಯಾವುದನ್ನು ಮೊದಲು ಮಾಡಬೇಕೆಂಬ ಸೂತ್ರ) ಇಲ್ಲಿ ಹೆಚ್ಚಾಗಿ ಬಿಡ್‌ಮಾಸ್. ಲಕ್ಷ, ಕೋಟಿ ಇಲ್ಲ, ಅಲ್ಪವಿರಾಮ ಮೂರು ಮೂರು ಅಂಕಿಗೆ ಬೀಳುತ್ತದೆ. ಬೋರ್ಡಿನ ಮೇಲೆ ಅಭ್ಯಾಸಬಲದಿಂದ 1,50,000 ಎಂದು ಬರೆದರೆ ಇಡೀ ತರಗತಿ ಗೊಂದಲಕ್ಕೆ ಬೀಳುತ್ತದೆ. ಉಚ್ಚಾರಣೆಯನ್ನು ಬದಲಿಸಿಕೊಳ್ಳಲು ಹೋಗಬೇಡಿ, ನಿಧಾನಿಸಿ ಸಾಕು. ನಮ್ಮ ಇಂಗ್ಲಿಷಿನ ತೊಂದರೆ ವೇಗದಲ್ಲಿದೆ. ಮಕ್ಕಳನ್ನು ಮುಟ್ಟುವ, ಗದರುವ ವಿಷಯದಲ್ಲಿ ನಮ್ಮ ಊರಿನ ಸಲಿಗೆ ಇಲ್ಲಿ ನಡೆಯುವುದಿಲ್ಲ. ಮಗುವೊಂದು ‘ಯಾರಿಗೂ ಹೇಳಬೇಡಿ ಮಿಸ್’ ಎಂದು ಏನಾದರೂ ಹೇಳಲು ಬಂದರೆ ‘ಹೇಳುವುದಿಲ್ಲ’ ಎಂದು ಮಾತು ಕೊಡಬೇಡಿ. ಕೇಳಿದ್ದನ್ನು ಮಗು ಹೇಳಿದ ಮಾತಿನಲ್ಲೇ ಬರೆದು, ಮಕ್ಕಳ ಸುರಕ್ಷತೆಗೆಂದು ಶಾಲೆ ನೇಮಿಸಿದವರಿಗೆ ಅದೇ ದಿನ ಕೊಡಬೇಕು. ಸಂದರ್ಶನದಲ್ಲಿ ಈ ಬಗ್ಗೆ ಒಂದು ಪ್ರಶ್ನೆ ಬಂದೇ ಬರುತ್ತದೆ.

ಇನ್ನು ಖಬ್ರಾ. ಅವರು ನೆಲೆಸಿದ ಸೌಥಾಲ್ ಆ ಕಾಲಕ್ಕೆ ಹೇಗಿತ್ತು ಎಂಬುದನ್ನು ತಿಳಿಯದೆ ಅವರ ರಾಜಕೀಯ ಅರ್ಥವಾಗುವುದಿಲ್ಲ. ಹತ್ತಿರದ ರಬ್ಬರ್ ಕಾರ್ಖಾನೆ, ಹೀಥ್ರೋ ವಿಮಾನ ನಿಲ್ದಾಣ ಪಂಜಾಬಿಗಳನ್ನು ಸೆಳೆದಿದ್ದವು. ಮಕ್ಕಳು ಶಾಲೆಗೆ ಸೇರಿದರು. 1963ರಲ್ಲಿ ಬೀಕನ್ಸ್‌ಫೀಲ್ಡ್ ರೋಡ್ ಶಾಲೆಯಲ್ಲಿ ಭಾರತೀಯ ಮಕ್ಕಳು ಹೆಚ್ಚಾದರೆಂದು ಬಿಳಿಯ ಪೋಷಕರು ದೂರಿದರು, ಶಿಕ್ಷಣ ಮಂತ್ರಿ ಎಡ್ವರ್ಡ್ ಬಾಯ್ಲ್ ಬಂದು ನೋಡಿದರು. ಯಾವ ಶಾಲೆಯಲ್ಲೂ ವಲಸಿಗರ ಮಕ್ಕಳು ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿರಬಾರದು ಎಂಬ ಧೋರಣೆ ಬಂತು. ಅದನ್ನು ಜಾರಿಗೆ ತಂದ ಬಗೆ ಎಂದರೆ ಬಸ್ಸು. ಬೆಳಗಿನ ಕತ್ತಲಲ್ಲಿ ಐದಾರು ವರ್ಷದ ಮಕ್ಕಳು ಕೋಟಿನೊಳಗೆ ಮುದುಡಿ ರಸ್ತೆ ಬದಿಯಲ್ಲಿ ನಿಲ್ಲಬೇಕು, ಕೋಚ್ ಬಂದು ದೂರದ ಬಡಾವಣೆಯ ಶಾಲೆಗೆ ಒಯ್ಯಬೇಕು. ಮನೆಯ ಪಕ್ಕದ ಶಾಲೆಗೆ ನಡೆದು ಹೋಗುವ ಹಕ್ಕು ಉಳಿದವರಿಗೆ. ಬಸ್ ಹತ್ತಿದ್ದು ವಲಸಿಗರ ಮಕ್ಕಳು ಮಾತ್ರ. ಆಟ ಮುಗಿಸಿ ನಿಲ್ಲುವಂತಿಲ್ಲ, ಬಸ್ ತಪ್ಪುತ್ತದೆ. ಜ್ವರ ಬಂದರೆ ತಾಯಿ ಬಂದು ಕರೆದೊಯ್ಯುವಷ್ಟು ಹತ್ತಿರವಿಲ್ಲ. ಎಪ್ಪತ್ತರ ದಶಕದ ಕೊನೆಯವರೆಗೂ ಇದು ನಡೆಯಿತು. ಶಾಲೆಯ ಪ್ರವೇಶ ಪಟ್ಟಿ ಎಂಬುದು ರಾಜಕೀಯವೇ ಎಂದು ಸೌಥಾಲ್‌ನ ತಾಯಂದಿರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅಲ್ಲಿನ ಜನರ ಬಲ ಇದ್ದದ್ದು ಇಂಡಿಯನ್ ವರ್ಕರ್ಸ್ ಅಸೋಸಿಯೇಷನ್‌ನಲ್ಲಿ. ಅವರು ಡೊಮಿನಿಯನ್ ಎಂಬ ಚಿತ್ರಮಂದಿರವನ್ನೇ ಕೊಂಡು ಹಿಂದಿ ಸಿನಿಮಾ ಹಾಕುತ್ತಿದ್ದರು. ಪಾಸ್‌ಪೋರ್ಟ್ ಅರ್ಜಿ, ಪಿಂಚಣಿ, ಬಾಡಿಗೆ ಜಗಳ, ಕಾರ್ಖಾನೆಯ ಯೂನಿಯನ್, ಎಲ್ಲಕ್ಕೂ ಜನ ಬರುತ್ತಿದ್ದದ್ದು ಆ ಸಂಘಕ್ಕೆ. ಖಬ್ರಾ ಅದರ ಅಧ್ಯಕ್ಷರಾದರು. 1977ರಲ್ಲಿ ಮ್ಯಾಜಿಸ್ಟ್ರೇಟರಾದರು, ಅಂದರೆ ಸಣ್ಣ ಮೊಕದ್ದಮೆಗಳನ್ನು ಕೇಳುವ, ಸಂಬಳವಿಲ್ಲದ ನಾಗರಿಕ ನ್ಯಾಯಾಧೀಶ. 1978ರಿಂದ 82ರವರೆಗೆ ಈಲಿಂಗ್ ಕೌನ್ಸಿಲರ್. ಇಷ್ಟರಲ್ಲಿ ಒಂದು ಪಾಲು ಮೇಷ್ಟ್ರ ಕೆಲಸದ ಜೊತೆಜೊತೆಗೇ.

ಅವರು ಕೌನ್ಸಿಲರ್ ಆಗಿದ್ದಾಗಲೇ, 1979ರ ಏಪ್ರಿಲ್ 23ರಂದು, ವಲಸಿಗರ ವಿರೋಧಿ ನ್ಯಾಷನಲ್ ಫ್ರಂಟ್ ಸೌಥಾಲ್ ಟೌನ್ ಹಾಲಿನಲ್ಲಿ ಸಭೆ ಇಟ್ಟಿತು. ಊರು ಬೀದಿಗಿಳಿದು ಪ್ರತಿಭಟಿಸಿತು. ಆ ದಿನ ತಲೆಗೆ ಏಟು ಬಿದ್ದು ಸತ್ತ ಬ್ಲೇರ್ ಪೀಚ್ ಕೂಡ ಮೇಷ್ಟ್ರೇ, ನ್ಯೂಜಿಲೆಂಡಿನಿಂದ ಬಂದವರು. ಪೊಲೀಸ್ ಏಟಿನಿಂದಲೇ ಸತ್ತಿರುವ ಸಾಧ್ಯತೆ ಹೆಚ್ಚು ಎಂಬ ಪೊಲೀಸರದ್ದೇ ಒಳ ವರದಿ ಹೊರಬಂದದ್ದು 2010ರಲ್ಲಿ, 31 ವರ್ಷದ ಮೇಲೆ. ಸೌಥಾಲ್‌ನಲ್ಲಿ ಈಗ ಅವರ ಹೆಸರಿನ ಪ್ರಾಥಮಿಕ ಶಾಲೆ ಇದೆ. ನೀವು ಬಂದ ಮೇಲೆ ಆ ದಾರಿಯಲ್ಲಿ ಹೋದರೆ ನಿಂತು ಒಮ್ಮೆ ಬೋರ್ಡು ನೋಡಿ.

ಈಗ ನಿಮ್ಮ ಹಕ್ಕು. ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ, ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ, ಯಾವುದೇ ಮಾನ್ಯ ವೀಸಾದಲ್ಲಿ ಇಲ್ಲಿ ವಾಸಿಸುವವರು ಮತ ಹಾಕಬಹುದು. ಕೌನ್ಸಿಲ್‌ಗೂ ಹಾಕಬಹುದು, ಪಾರ್ಲಿಮೆಂಟಿಗೂ ಹಾಕಬಹುದು. ಪೌರತ್ವಕ್ಕೆ ಕಾಯಬೇಕಿಲ್ಲ. ಸರ್ಕಾರಿ ಜಾಲತಾಣದಲ್ಲಿ ಐದು ನಿಮಿಷದ ಕೆಲಸ. ಕೌನ್ಸಿಲ್ ಟ್ಯಾಕ್ಸ್ ಬಿಲ್ಲಿನಲ್ಲಿ ಹೆಸರಿದೆಯಲ್ಲ, ಮತದಾರರ ಪಟ್ಟಿಯಲ್ಲೂ ಇರುತ್ತದೆ ಎಂದುಕೊಂಡು ಸುಮ್ಮನಿರುವುದು ನಮ್ಮವರು ಮಾಡುವ ಮೊದಲ ತಪ್ಪು. ಎರಡೂ ಬೇರೆ ಬೇರೆ. ಮನೆ ಬದಲಿಸಿದಾಗಲೆಲ್ಲ ಮತ್ತೆ ನೋಂದಾಯಿಸಬೇಕು. ಮತದಾನಕ್ಕೆ 12 ಕೆಲಸದ ದಿನ ಮೊದಲು ಬಾಗಿಲು ಮುಚ್ಚುತ್ತದೆ. ಮತಗಟ್ಟೆಯಲ್ಲಿ ಫೋಟೊ ಗುರುತು ಕೇಳುತ್ತಾರೆ. ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ, ಆಧಾರ್ ನಡೆಯುವುದಿಲ್ಲ. ಪಾಸ್‌ಪೋರ್ಟ್ ನವೀಕರಣಕ್ಕೆ ಕೊಟ್ಟಿದ್ದರೆ ಉಚಿತವಾಗಿ ಸಿಗುವ ಮತದಾರ ಗುರುತಿನ ಪತ್ರಕ್ಕೆ ಆರು ಕೆಲಸದ ದಿನ ಮೊದಲೇ ಅರ್ಜಿ ಹಾಕಬೇಕು. ಒಳಗೆ ಯಂತ್ರವಿಲ್ಲ, ಶಾಯಿ ಹಚ್ಚುವುದಿಲ್ಲ. ಹಲಗೆಯ ಗೂಡು, ದಾರ ಕಟ್ಟಿದ ಸೀಸದಕಡ್ಡಿ, ಒಂದು ಕಾಗದ, ಅದರ ಮೇಲೆ ಒಂದು ಗುಣಿಸು ಚಿಹ್ನೆ. ಸರಿ ಗುರುತು ಹಾಕುವ ಮೇಷ್ಟ್ರ ಕೈ ಅಲ್ಲಿ ತಡೆದುಕೊಳ್ಳಬೇಕು.

ಸ್ಪರ್ಧಿಸುವ ಹಕ್ಕಿಗೆ ಮಾತ್ರ ಕಾಯಬೇಕು. ಕೌನ್ಸಿಲ್ ಇರಲಿ, ಪಾರ್ಲಿಮೆಂಟ್ ಇರಲಿ, ಕಾಮನ್‌ವೆಲ್ತ್ ನಾಗರಿಕರಿಗೆ ಖಾಯಂ ವಾಸದ ಅನುಮತಿ ಸಿಕ್ಕಿರಬೇಕು. ನಿಮ್ಮ ಬಗೆಯ ವೀಸಾಗೆ ಇದುವರೆಗೆ ಅದು 5 ವರ್ಷದ ಲೆಕ್ಕ. 2025ರ ಮೇ ತಿಂಗಳಿನಲ್ಲಿ ಸರ್ಕಾರ ಅದನ್ನು 10ಕ್ಕೆ ಏರಿಸುವ ಪ್ರಸ್ತಾಪ ಮುಂದಿಟ್ಟಿತು. ಆದ್ದರಿಂದ ಬರುವ ಹೊತ್ತಿನ ನಿಯಮವನ್ನು ಸರ್ಕಾರದ ಪುಟದಲ್ಲೇ ನೋಡಿಕೊಳ್ಳಿ. ಯಾವುದೇ 12 ತಿಂಗಳಲ್ಲಿ 180 ದಿನಕ್ಕಿಂತ ಹೆಚ್ಚು ದೇಶದ ಹೊರಗಿದ್ದರೆ ಲೆಕ್ಕ ಕೆಡುತ್ತದೆ. ಬಾಣಂತನಕ್ಕೆಂದು ಊರಿಗೆ ಹೋಗಿ ಏಳು ತಿಂಗಳು ಉಳಿಯುವವರು ಸಿಕ್ಕಿಬೀಳುವುದು ಇಲ್ಲೇ. ಬ್ರಿಟಿಷ್ ಪೌರತ್ವ ತೆಗೆದುಕೊಂಡರೆ ಭಾರತದ ಪಾಸ್‌ಪೋರ್ಟ್ ಒಪ್ಪಿಸಬೇಕಾಗುತ್ತದೆ. ಆದರೆ ಸ್ಪರ್ಧಿಸಲು ಪೌರತ್ವ ಕಡ್ಡಾಯವಲ್ಲ.

ಆ ಕಾಯುವ ವರ್ಷಗಳಲ್ಲಿ ಏನು ಮಾಡಬಹುದು? ಮೇಷ್ಟ್ರಿಗೆ ಹೇಳಿ ಮಾಡಿಸಿದಂಥ ಜಾಗ ಶಾಲಾ ಗವರ್ನರ್ ಹುದ್ದೆ. ನಮ್ಮ ಎಸ್‌ಡಿಎಂಸಿಗೆ ಹತ್ತಿರ, ಆದರೆ ಅಧಿಕಾರ ಹೆಚ್ಚು. ಬಜೆಟ್ ಒಪ್ಪುವುದು, ಮುಖ್ಯೋಪಾಧ್ಯಾಯರನ್ನು ಆರಿಸುವುದು, ಫಲಿತಾಂಶದ ಬಗ್ಗೆ ಅವರನ್ನು ಪ್ರಶ್ನಿಸುವುದು ಇದೇ ಮಂಡಳಿ. ಸಾಮಾನ್ಯವಾಗಿ 4 ವರ್ಷದ ಅವಧಿ, ಸಂಬಳವಿಲ್ಲ, ಸಂಜೆಯ ಸಭೆಗಳು. ಸಭೆಗೆ ಮೊದಲು ಬರುವ ಕಾಗದದ ಕಟ್ಟನ್ನು ನಿಜವಾಗಿ ಓದಿಕೊಂಡು ಹೋಗುವವರು ಕಡಿಮೆ. ಓದಿದವರ ಮಾತಿಗೆ ಮೂರನೆಯ ಸಭೆಯಿಂದ ತೂಕ ಬರುತ್ತದೆ. ಖಬ್ರಾ ಆದಂತೆ ಮ್ಯಾಜಿಸ್ಟ್ರೇಟ್ ಆಗುವುದಕ್ಕೂ ಕಾನೂನು ಪದವಿ ಬೇಡ. ವರ್ಷಕ್ಕೆ ಕನಿಷ್ಠ 13 ದಿನ ಕೊಡಬೇಕು. ಈ ಕೆಲಸಗಳಿಗೆ ನೌಕರರಿಗೆ ಸಾಧುವಾದಷ್ಟು ಬಿಡುವು ಕೊಡಬೇಕೆಂದು ಕಾನೂನಿದೆ, ಆ ಹೊತ್ತಿಗೆ ಸಂಬಳ ಕೊಡಬೇಕೆಂದಿಲ್ಲ.

ಮೇಷ್ಟ್ರಾಗಿದ್ದುಕೊಂಡು ಚುನಾವಣೆಗೆ ನಿಲ್ಲುವವರು ತಪ್ಪದೆ ನೋಡಬೇಕಾದ ಒಂದು ನಿಯಮ: ಕೌನ್ಸಿಲ್‌ನ ನೌಕರರು ಅದೇ ಕೌನ್ಸಿಲ್‌ನ ಸದಸ್ಯರಾಗುವಂತಿಲ್ಲ. ಕೌನ್ಸಿಲ್ ನಡೆಸುವ ಶಾಲೆಯ ಮೇಷ್ಟ್ರಿಗೂ ಇದು ತಗಲುತ್ತದೆ. ಪಕ್ಕದ ಬರೋದ ಶಾಲೆಯಲ್ಲಿ ಕಲಿಸಿದರೆ ತೊಂದರೆಯಿಲ್ಲ. ಅಕಾಡೆಮಿ ಶಾಲೆಯ ಮಾಲೀಕ ಬೇರೆ ಟ್ರಸ್ಟ್, ಅಲ್ಲೂ ತೊಂದರೆಯಿಲ್ಲ. ನಾಮಪತ್ರ ಹಾಕುವ ದಿನವೇ ಅನರ್ಹತೆ ಇರಬಾರದು, ಗೆದ್ದ ಮೇಲೆ ರಾಜೀನಾಮೆ ಕೊಡುತ್ತೇನೆ ಎಂಬ ಮಾತು ನಡೆಯುವುದಿಲ್ಲ. ಕೌನ್ಸಿಲ್ ಚುನಾವಣೆಗೆ ಠೇವಣಿ ಇಲ್ಲ, ಸೂಚಕ ಮತ್ತು ಅನುಮೋದಕ ಸಾಕು. ಪಾರ್ಲಿಮೆಂಟಿಗೆ 10 ಮತದಾರರ ಸಹಿ, 500 ಪೌಂಡ್ ಠೇವಣಿ, 5 ಪ್ರತಿಶತ ಮತ ಬರದಿದ್ದರೆ ಠೇವಣಿ ಹೋಯಿತು. ಸಹಿ ಹಾಕಿದವರ ಹೆಸರು ಮತದಾರರ ಪಟ್ಟಿಯಲ್ಲಿ ಇದ್ದಂತೆಯೇ ಇರಬೇಕು. ಇಲ್ಲೂ ನಮ್ಮ ಇನಿಷಿಯಲ್‌ಗಳೇ ಕಾಡುತ್ತವೆ. ಮತದಾನಕ್ಕೆ 19 ಕೆಲಸದ ದಿನ ಇರುವಾಗ ಸಂಜೆ 4ಕ್ಕೆ ಬಾಗಿಲು ಬಂದ್. ಮೊದಲೇ ಕೊಟ್ಟು ಅನೌಪಚಾರಿಕವಾಗಿ ಪರೀಕ್ಷಿಸಿಕೊಳ್ಳಿ. ತರಗತಿಯಲ್ಲಿ ಮಾತ್ರ ಪಕ್ಷದ ಮಾತು ಬೇಡವೇ ಬೇಡ, ಅದಕ್ಕೆ ಕಾನೂನಿನ ತಡೆಯೇ ಇದೆ.

ಇವೆಲ್ಲಕ್ಕೂ ಮೊದಲು ಪಕ್ಷ ನಿಮ್ಮನ್ನು ಆರಿಸಬೇಕು, ಪಕ್ಷ ಆರಿಸುವುದು ಬಾಗಿಲು ತಟ್ಟಿದವರನ್ನು. ನಮ್ಮ ಸಂಘಗಳ ಅಧ್ಯಕ್ಷಗಿರಿ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಶನಿವಾರ ಬೆಳಿಗ್ಗೆ ಹತ್ತಕ್ಕೆ ಒಂದು ಮೂಲೆಯಲ್ಲಿ ಐದಾರು ಜನ ಸೇರುತ್ತಾರೆ, ಕೈಗೆ ಒಂದು ಬೀದಿಯ ಹೆಸರುಪಟ್ಟಿ ಕೊಡುತ್ತಾರೆ. ಹುಲ್ಲಿನ ಮೇಲೆ ಕಾಲಿಡದೆ ದಾರಿಯಲ್ಲೇ ಹೋಗಿ, ಗಂಟೆ ಒತ್ತಿ ಎರಡು ಹೆಜ್ಜೆ ಹಿಂದೆ ನಿಲ್ಲಿ. ಬಾಗಿಲ ಅಂಚೆ ಸೀಳಿನ ಒಳಗೆ ಗಟ್ಟಿ ಬ್ರಷ್ ಇರುತ್ತದೆ, ಅದರ ಹಿಂದೆ ನಾಯಿ ಇರಬಹುದು. ಬೆರಳು ತೂರಿಸಬೇಡಿ. ಅಡುಗೆಮನೆಯ ಮರದ ಸಟ್ಟುಗ ಒಂದನ್ನು ಕೋಟಿನ ಜೇಬಿನಲ್ಲಿ ಇಟ್ಟುಕೊಂಡು ಅದರಿಂದ ಕರಪತ್ರ ತಳ್ಳುತ್ತಾರೆ ಅನುಭವಸ್ಥರು. ಬಾಗಿಲು ತೆರೆದವರು ಮಾತಾಡುವುದು ಕಸದ ಡಬ್ಬಿ, ಪಾರ್ಕಿಂಗ್, ಒದ್ದೆಯಾಗಿ ಬೂಷ್ಟು ಹಿಡಿದ ಗೋಡೆ, ಮಗುವಿಗೆ ಸಿಗದ ಶಾಲೆಯ ಬಗ್ಗೆ. ಬರೆದುಕೊಂಡು ಹೋಗಿ, ಎರಡು ವಾರದಲ್ಲಿ ಏನಾಯಿತೆಂದು ಹೇಳಲು ಮತ್ತೆ ಬನ್ನಿ. ಹಾಗೆ ಮತ್ತೆ ಬರುವವರು ಅಪರೂಪ.

ಖಬ್ರಾಗೆ 1992ರ ಟಿಕೆಟ್ ಸುಲಭಕ್ಕೆ ಬಂದದ್ದಲ್ಲ. 1966ರಿಂದ ಎಂಪಿ ಆಗಿದ್ದ ಸಿಡ್ನಿ ಬಿಡ್ವೆಲ್ ಅವರನ್ನು ಸ್ಥಳೀಯ ಲೇಬರ್ ಪಕ್ಷ ಕೈಬಿಟ್ಟು ಖಬ್ರಾರನ್ನು ಆರಿಸಿತು. ಬಿಡ್ವೆಲ್ ‘ಟ್ರೂ ಲೇಬರ್’ ಎಂದು ಎದುರು ನಿಂತರು. ಆದರೂ ಈಲಿಂಗ್ ಸೌಥಾಲ್ ಖಬ್ರಾರನ್ನು ಗೆಲ್ಲಿಸಿತು, ಆಮೇಲೆ 1997, 2001, 2005ರಲ್ಲೂ. ಇಲ್ಲಿ ಎಂಪಿಯ ಅರ್ಧ ಕೆಲಸ ‘ಸರ್ಜರಿ’ ಎಂದು ಕರೆಯುವ ಜನಸಂಪರ್ಕದಲ್ಲಿ. ಸಮುದಾಯ ಭವನದ ಮಡಚುವ ಮೇಜು, ಎದುರಿಗೆ ಸಾಲು ಕುರ್ಚಿ, ಜನರ ಕೈಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ವೀಸಾ ನೋಡಿಕೊಳ್ಳುವ ಹೋಂ ಆಫೀಸಿನ ಪತ್ರ. ನಿಮಗೂ ಒಂದು ದಿನ ವೀಸಾ ತೊಡಕು ಬಂದರೆ ನಿಮ್ಮ ಕ್ಷೇತ್ರದ ಎಂಪಿಯ ಬಳಿಗೇ ಹೋಗಿ. ನಮ್ಮವರೆಂದು ಬೇರೆ ಕ್ಷೇತ್ರದವರ ಬಳಿ ಹೋದರೆ ವಾಪಸ್ ಕಳಿಸುತ್ತಾರೆ. ಅರ್ಜಿಯ ಉಲ್ಲೇಖ ಸಂಖ್ಯೆ, ವಿಳಾಸದ ಪುರಾವೆ ಜೊತೆಗಿರಲಿ. ಖಬ್ರಾ 2007ರ ಜೂನ್ 19ರಂದು ತೀರಿಕೊಂಡಾಗ ಕಾಮನ್ಸ್ ಸಭೆಯಲ್ಲಿ ವಯಸ್ಸಿನಲ್ಲಿ ಎಲ್ಲರಿಗಿಂತ ಹಿರಿಯ ಸದಸ್ಯರು. ಅವರ ಜಾಗಕ್ಕೆ ಬಂದ ವೀರೇಂದ್ರ ಶರ್ಮಾ ಇಲ್ಲಿ ಬಸ್ ಕಂಡಕ್ಟರ್ ಆಗಿ ಬದುಕು ಶುರು ಮಾಡಿದವರು.

ನೀವು ಗಣಿತದವರೆಂದು ಇನ್ನೊಂದು ಹೆಸರು ಹೇಳಬೇಕು. ದಾದಾಭಾಯಿ ನವರೋಜಿ ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದವರು. 1855ರಲ್ಲಿ ಇಂಗ್ಲೆಂಡಿಗೆ ಬಂದರು. 1886ರಲ್ಲಿ ಹೋಲ್ಬರ್ನ್‌ನಲ್ಲಿ ಸೋತರು. 1892ರಲ್ಲಿ ಸೆಂಟ್ರಲ್ ಫಿನ್ಸ್‌ಬರಿಯಲ್ಲಿ ಗೆದ್ದದ್ದು 5 ಮತದಿಂದ. 1895ರಲ್ಲಿ ಸೋತರು, 1906ರಲ್ಲಿ ನಾರ್ತ್ ಲ್ಯಾಂಬೆತ್‌ನಲ್ಲಿ ಮತ್ತೆ ಸೋತರು. ಆ ಲ್ಯಾಂಬೆತ್ ಬರೋದಲ್ಲೇ 2010-11ರಲ್ಲಿ ಕಲಬುರಗಿ ಕಡೆಯ ಡಾಕ್ಟರ್ ನೀರಜ್ ಪಾಟೀಲ್ ಮೇಯರ್ ಆಗಿದ್ದರು. ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವೇಶ್ವರರ ಪ್ರತಿಮೆ ಅವರ ಪ್ರಯತ್ನದ ಫಲ. ಪಾಟೀಲರು 2017ರಲ್ಲಿ ಪಟ್ನಿಯಲ್ಲಿ ಪಾರ್ಲಿಮೆಂಟಿಗೆ ನಿಂತು ಸೋತರು. ಕನ್ನಡದವರು ಈ ದಾರಿಯಲ್ಲಿ ನಡೆದೇ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಬಂದ ಮೊದಲ ತಿಂಗಳಲ್ಲಿ ಇಷ್ಟು ಮಾಡಿ: ಮತದಾರರ ನೋಂದಣಿ, ಕ್ಯೂಟಿಎಸ್ ಅರ್ಜಿ, ಆಮೇಲೆ ಒಂದು ಸಂಜೆ ನಿಮ್ಮ ಕೌನ್ಸಿಲ್‌ನ ಸಭೆ. ಸಭೆಗೆ ಪೂರ್ತಿ ಐದು ದಿನ ಮೊದಲೇ ಕಾರ್ಯಸೂಚಿ ಜಾಲತಾಣದಲ್ಲಿ ಬರುತ್ತದೆ. ಶಾಲಾ ಪ್ರವೇಶದ ವಿಷಯ ಇರುವ ದಿನ ಆರಿಸಿಕೊಳ್ಳಿ. ಸಾರ್ವಜನಿಕರ ಗ್ಯಾಲರಿಗೆ ಟಿಕೆಟ್ ಇಲ್ಲ, ವೀಸಾ ಯಾವುದೆಂದು ಯಾರೂ ಕೇಳುವುದಿಲ್ಲ. ಏಳು ಗಂಟೆಗೆ ಶುರುವಾದರೆ ಹತ್ತು ನಿಮಿಷ ಮೊದಲು ಹೋಗಿ, ಮುಂದಿನ ಸಾಲು ಸಾಮಾನ್ಯವಾಗಿ ಖಾಲಿ ಇರುತ್ತದೆ.